ಚೆಂಡು, ಚೀಲ, ನಡಿಗೆ: ಮೂರನೇ ವಾರದ ಲೆಕ್ಕ

ಮುಂಬೈನ ಮಾಟುಂಗಾದಲ್ಲಿ ಭಾನುವಾರ ಸೇರುವ ನಾಲ್ವರ ಅನಿಮೇಷನ್ ಅಭ್ಯಾಸ. ತಂತ್ರಾಂಶ ಬ್ಲೆಂಡರ್, ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ).

ಚೆಂಡು ಮುಗಿಯಿತು, ಎರಡು ಸಲ ಅಳಿಸಿದ ಮೇಲೆ. ಒಂದು ಮೀಟರ್ ಮೇಲಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಸುಮಾರು 11 ಫ್ರೇಮ್. ಮೊದಲ ಫ್ರೇಮಿನಲ್ಲಿ ಇಳಿಯುವುದು 1 ಸೆಂ.ಮೀ.ಗೂ ಕಡಿಮೆ, ಕೊನೆಯದರಲ್ಲಿ ಹತ್ತಿರ ಹತ್ತಿರ 17. ಬ್ಲೆಂಡರ್ ತಾನಾಗಿ ಕೊಡುವ ಬಾಗು ಹಾಗೇ ಬಿಟ್ಟರೆ ಚೆಂಡು ನೆಲದ ಬಳಿ ಬಲೂನಿನಂತೆ ಮೆಲ್ಲಗೆ ಕೂರುತ್ತದೆ. ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ, ಚೆಂಡು ನೆಲ ಮುಟ್ಟುವ ಕೀಯ (ಗುರುತು ಬಿಂದುವಿನ) ಹ್ಯಾಂಡಲ್, ಅಂದರೆ ಬಾಗು ತಿದ್ದುವ ಹಿಡಿ, ಫ್ರೀ ಮಾಡಿ ಗೆರೆಯನ್ನು ಅಲ್ಲಿ ಮೊನಚಾಗಿಸಬೇಕು. ಗೆರೆ ದುಂಡಗಿರಬೇಕಾದದ್ದು ಮೇಲ್ತುದಿಯಲ್ಲಿ ಮಾತ್ರ. ಪುಟಿಯುವ ಎತ್ತರ ಅರ್ಧವಾದರೆ ಫ್ರೇಮ್ ಅರ್ಧವಾಗದು, 11 ಇದ್ದದ್ದು 8 ಆಗುತ್ತದೆ. ಸ್ಕ್ವಾಶ್ (ನೆಲಕ್ಕೆ ಬಡಿದು ಚಪ್ಪಟೆಯಾಗುವುದು) ಒಂದೇ ಫ್ರೇಮ್: ಎತ್ತರ 0.8ಕ್ಕೆ ಇಳಿಸಿದರೆ ಉದ್ದ, ಅಗಲ ಎರಡೂ 1.12. ಇಲ್ಲವಾದರೆ ಗಾಳಿ ಹೋದ ಚೆಂಡು.

ಲೋಲಕದ ಬದಲು ಲೋಕಲ್ ರೈಲಿನಲ್ಲಿ ಕೊಂಡಿಗೆ ನೇತುಹಾಕಿದ ಬಟ್ಟೆಚೀಲ. ಚೆಂಡಿನ ಲೆಕ್ಕ ಇಲ್ಲಿ ತಲೆಕೆಳಗು: ತೂಗಾಟ ಸಣ್ಣದಾಗುತ್ತ ಹೋದರೂ ಸಮಯ ಬಹುತೇಕ ಅಷ್ಟೇ. ಕೊಂಡಿಯಿಂದ ಚೀಲದ ನಡುವಿಗೆ 50 ಸೆಂ.ಮೀ. ಇದ್ದರೆ ಈ ಕಡೆಯಿಂದ ಆ ಕಡೆಗೆ ಸುಮಾರು 17 ಫ್ರೇಮ್, ಕೊನೆಯ ತೂಗಾಟಕ್ಕೂ. ಮೂವರ ಫೈಲಿನಲ್ಲಿ ಒಂದೇ ತಪ್ಪು. ಚೆಂಡಿನ ಗುಂಗಿನಲ್ಲಿ ಫ್ರೇಮ್ ಕಡಿಮೆ ಮಾಡುತ್ತ ಹೋಗಿ ಚೀಲ ಕೊನೆಗೆ ಗಡಗಡ ನಡುಗಿತು. ನಾಲ್ಕನೆಯವರದು 21 ಫ್ರೇಮ್. ಫೋನಿನ 30 ಫ್ರೇಮಿನ ವಿಡಿಯೊವನ್ನು 24ರ ಸೀನಿಗೆ ಹಾಗೇ ತಂದು ಎಣಿಸಿದ್ದರ ಫಲ. ಚೀಲದ ಹಿಡಿಪಟ್ಟಿ ಮೊದಲು, ಚೀಲ 2 ಫ್ರೇಮ್ ತಡವಾಗಿ, ಕೆಳಗಿನ ಅಂಚು ಇನ್ನೂ 2 ಫ್ರೇಮ್ ತಡವಾಗಿ ತಿರುಗಬೇಕು. ಎಲ್ಲವೂ ಒಂದೇ ಫ್ರೇಮಿನಲ್ಲಿ ತಿರುಗಿದರೆ ಬಟ್ಟೆಯಲ್ಲ, ಹಲಗೆ.

ನಡಿಗೆ ಅರ್ಧ ಆಗಿದೆ. ಹಿಮ್ಮಡಿ ನೆಲ ಮುಟ್ಟುವುದು ಫ್ರೇಮ್ 1, ಮೈ ಕುಸಿಯುವುದು 4, ಕಾಲು ದಾಟುವುದು 7, ಮೈ ಏರುವುದು 10, ಇನ್ನೊಂದು ಕಾಲು 13. ಫ್ರೇಮ್ 25 ಅಂದರೆ 1ರ ನಕಲು. ಲೂಪ್ 24ಕ್ಕೇ ನಿಲ್ಲಿಸದಿದ್ದರೆ ಪ್ರತಿ ಸುತ್ತಿಗೂ ಒಂದು ಮುಗ್ಗರಿಕೆ. ನಿಂತಲ್ಲೇ ನಡೆಯುವ ಈ ಸುತ್ತಿನಲ್ಲಿ ಊರಿದ ಪಾದ ಫ್ರೇಮಿಗೆ ಒಂದೇ ಅಳತೆಯಲ್ಲಿ ಹಿಂದೆ ಸರಿಯಬೇಕು, ಅಂದರೆ ಗ್ರಾಫ್ ನೇರ ಗೆರೆ. ಬಾಗಿದರೆ ಪಾದ ಜಾರುತ್ತದೆ. 10ರಲ್ಲಿ ಮಂಡಿ ಪಟಕ್ಕನೆ ಹಾರುವುದು ಸೊಂಟ ಅತಿಯಾಗಿ ಏರಿ ಕಾಲು ಪೂರ್ತಿ ನೀಳವಾದದ್ದಕ್ಕೆ. ಮಂಡಿ ಮುಟ್ಟಬೇಡಿ, ಸೊಂಟ ತುಸು ಇಳಿಸಿ.

ಮುಂದಿನ ವಾರ ತಲೆಯ ಮೇಲೆ ಉದ್ದ ಮರದ ಟ್ರೇ ಹೊತ್ತ ಡಬ್ಬಾವಾಲಾ: ಹೆಜ್ಜೆಗೆ 12ರ ಬದಲು 9 ಫ್ರೇಮ್, ಮಂಡಿ ಸದಾ ತುಸು ಮಡಚಿ, ಸೊಂಟದ ಏರಿಳಿತ ಅರ್ಧ. ಟ್ರೇಯ ಎರಡು ತುದಿ ಎಷ್ಟು ಫ್ರೇಮ್ ತಡವಾಗಿ ಕುಲುಕಬೇಕು ಎಂಬುದನ್ನು ದಾದರ್ ಸೇತುವೆ ಮೇಲೆ ನಿಂತು ನೋಡಿಯೇ ಬರೆಯುವುದು.