ವೇರಿಯಾಕ್ಸ್ ಮತ್ತು ಕೆಂಪರ್: ಜೋಡಿ ಕೂಡಿಬರಲು ಮೊದಲು ನೋಡಬೇಕಾದ್ದು ಲೆವೆಲ್

ವೇರಿಯಾಕ್ಸ್ ಅಂದರೆ ಒಂದೇ ಗಿಟಾರಿನೊಳಗೆ ಹತ್ತಾರು ಗಿಟಾರು, ಕೆಂಪರ್ ಅಂದರೆ ಒಂದೇ ಪೆಟ್ಟಿಗೆಯೊಳಗೆ ನೂರಾರು ಆಂಪ್ (ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್). ಎರಡಕ್ಕೂ ನಡುವೆ ಒಂದು ಕೇಬಲ್ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಮೊದಲ ದಿನ ವೇರಿಯಾಕ್ಸ್‌ನ ಒಂದು ಮಾಡೆಲ್‌ನಲ್ಲಿ, ಅಂದರೆ ಅದು ಅನುಕರಿಸುವ ಒಂದು ಗಿಟಾರಿನಲ್ಲಿ, ಸದ್ದು ತೆಳ್ಳಗೆ ಬಂತು, ಪಕ್ಕದ ಮಾಡೆಲ್‌ಗೆ ತಿರುಗಿಸಿದರೆ ಅದೇ ಆಂಪ್ ಗೊರಗೊರ ಅನ್ನತೊಡಗಿತು. ಕೆಂಪರ್‌ನ ಪ್ರೊಫೈಲ್ (ಒಂದು ಆಂಪ್‌ನ ಸದ್ದಿನ ಅಚ್ಚು) ಸರಿಯಿಲ್ಲ ಅಂತ ಒಂದರ ಮೇಲೊಂದು ಬದಲಿಸುತ್ತಾ ಎರಡು ವಾರ ಕಳೆದೆ. ತಪ್ಪು ಪ್ರೊಫೈಲ್‌ನಲ್ಲಿ ಇರಲೇ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಲೈನ್ 6 ಕಂಪನಿಯ ವೇರಿಯಾಕ್ಸ್‌ನಲ್ಲಿ ಬ್ರಿಡ್ಜ್‌ನಲ್ಲಿ ತಂತಿಗಳು ಕೂರುವ ಆರು ಸ್ಯಾಡಲ್‌ಗಳಲ್ಲೂ ತಂತಿಯ ನಡುಕವನ್ನು ಹಿಡಿಯುವ ಒಂದೊಂದು ಪೀಜೋ ಪಿಕಪ್ ಇರುತ್ತದೆ. ಆರು ತಂತಿಗಳ ಸದ್ದು ಆರು ದಾರಿಯಲ್ಲಿ ಬೇರೆ ಬೇರೆಯಾಗಿ ಒಳಗಿನ ಪ್ರೊಸೆಸರ್‌ಗೆ ಹೋಗುತ್ತದೆ, ಅದು ಅಲ್ಲಿ ಟೆಲಿಕಾಸ್ಟರ್ ತರಹವೋ ಲೆಸ್ ಪಾಲ್ ತರಹವೋ ಅಕೂಸ್ಟಿಕ್ ತರಹವೋ ಆಗಿ ಹೊರಗೆ ಬರುತ್ತದೆ. ಕೆಂಪರ್ ಪ್ರೊಫೈಲರ್‌ದು ಬೇರೆ ಕೆಲಸ. ನಿಜವಾದ ಆಂಪ್‌ಗೆ ಒಂದಷ್ಟು ವಿಚಿತ್ರ ಪರೀಕ್ಷಾ ಸದ್ದುಗಳನ್ನು ಕಳಿಸಿ, ಎದುರಿನ ಮೈಕ್‌ನಿಂದ ಏನು ಬಂತು ಅಂತ ಕೇಳಿಸಿಕೊಂಡು, ಆ ಆಂಪ್‌ನ ನಾಬ್‌ಗಳು ಆಗ ಎಲ್ಲಿದ್ದವೋ ಆ ಸ್ಥಿತಿಯ ಅಚ್ಚು ತೆಗೆದುಕೊಳ್ಳುತ್ತದೆ. ಆಂಪ್ ಎಷ್ಟು ಒಡೆದು ಹಾಡುತ್ತದೆ ಅನ್ನೋದು ಒಳಗೆ ಬರುವ ಸಿಗ್ನಲ್ ಎಷ್ಟು ಜೋರಾಗಿದೆ ಅನ್ನೋದರ ಮೇಲೆ ನಿಂತಿದೆ, ಅಲ್ವಾ? ಒಂದೇ ಗಿಟಾರಿನಿಂದ ಹತ್ತು ತರಹದ ಜೋರು ಬಂದರೆ ಒಂದೇ ಪ್ರೊಫೈಲ್ ಹತ್ತು ತರಹ ಕೇಳಿಸುತ್ತದೆ. ಅಷ್ಟೇ ವಿಷಯ.

ಅದಕ್ಕೆ ಈಗ ನಾನು ಮೊದಲು ಮುಟ್ಟುವುದು ಕೆಂಪರ್‌ನ ಇನ್‌ಪುಟ್ ಬಟನ್. ಅಲ್ಲಿ ಕ್ಲೀನ್ ಸೆನ್ಸ್, ಡಿಸ್ಟಾರ್ಷನ್ ಸೆನ್ಸ್ ಅಂತ ಎರಡು ಇವೆ. ಮೊದಲನೆಯದು ಕ್ಲೀನ್ ಸದ್ದು ಎಷ್ಟು ಜೋರು ಅನ್ನೋದನ್ನು ಸರಿಮಾಡುತ್ತದೆ, ಎರಡನೆಯದು ಗೇನ್ (ಸದ್ದು ಒಡೆಯುವ ಪ್ರಮಾಣ) ಎಷ್ಟು ಬೇಗ ಹಿಡಿಯುತ್ತದೆ ಅನ್ನೋದನ್ನು. ಜೋರಾದ ಹಂಬಕರ್ (ಎರಡು ಸುರುಳಿಯ ಪಿಕಪ್) ಮಾಡೆಲ್ ಹಾಕಿದಾಗ ಡಿಸ್ಟಾರ್ಷನ್ ಸೆನ್ಸ್ ಸ್ವಲ್ಪ ಇಳಿಸುತ್ತೇನೆ, ಸಿಂಗಲ್ ಕಾಯಿಲ್‌ಗೆ ಹಾಗೇ ಬಿಡುತ್ತೇನೆ. ಇನ್ನೂ ಒಳ್ಳೆಯ ದಾರಿ ಅಂದರೆ ವೇರಿಯಾಕ್ಸ್‌ನದೇ ವರ್ಕ್‌ಬೆಂಚ್ ಸಾಫ್ಟ್‌ವೇರ್‌ನಲ್ಲಿ ಗಿಟಾರಿನ ಕಡೆಯಲ್ಲೇ ಮಾಡೆಲ್‌ಗಳ ಲೆವೆಲ್ ಒಂದು ಹದಕ್ಕೆ ತರುವುದು. ಒಂದು ಸಂಜೆಯ ಕೆಲಸ, ಆಮೇಲೆ ನೆಮ್ಮದಿ. ಪೂರ್ತಿ ಸಮ ಮಾಡಬೇಡಿ ಮಾತ್ರ. ಲೆಸ್ ಪಾಲ್ ತರಹದ್ದು ಆಂಪ್ ಅನ್ನು ಸ್ವಲ್ಪ ಜಾಸ್ತಿ ತಳ್ಳಲೇಬೇಕು, ಅದರ ಗುಣವೇ ಅದು.

ಕೇಬಲ್ ವಿಷಯದಲ್ಲಿ ತುಂಬ ತಲೆ ಕೆಡಿಸಿಕೊಂಡಿದ್ದೆ. ವೇರಿಯಾಕ್ಸ್‌ನಲ್ಲಿ ನೆಟ್‌ವರ್ಕ್ ಕೇಬಲ್ ತರಹದ ಒಂದು ಡಿಜಿಟಲ್ ಸಾಕೆಟ್ ಇದೆ, ಆದರೆ ಅದು ಲೈನ್ 6ನ ಪೆಟ್ಟಿಗೆಗಳಿಗೆ ಮಾತ್ರ. ಕೆಂಪರ್‌ನಲ್ಲಿರುವುದು ಎಸ್‌ಪಿಡಿಐಎಫ್ ಅನ್ನುವ ಬೇರೆ ತರಹದ ಡಿಜಿಟಲ್ ಸಾಕೆಟ್. ನಡುವೆ ಲೈನ್ 6ನ ಹೀಲಿಕ್ಸ್ ಪೆಟ್ಟಿಗೆ ತರಹದ್ದೊಂದು ಇಟ್ಟು ಡಿಜಿಟಲ್ ಆಗಿಯೇ ಕಳಿಸಬಹುದು, ಎರಡರ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಅನ್ನೋದು) ಒಂದೇ ಇರಬೇಕು, ಆ ಲಯ ಕೊಡುವ ಒಳಗಿನ ಗಡಿಯಾರ ಒಬ್ಬರದೇ ಆಗಬೇಕು, ಇಲ್ಲದಿದ್ದರೆ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ನನಗೆ ಇಷ್ಟೆಲ್ಲ ಬೇಕಾಗಲಿಲ್ಲ. ಸಾದಾ ಗಿಟಾರ್ ಕೇಬಲ್ ಸಾಕು. ಮಾಮೂಲಿ ಗಿಟಾರಿಗೆ ಉದ್ದ ಕೇಬಲ್ ಹಾಕಿದರೆ ಮೇಲಿನ ಹೊಳಪು ಸವೆಯುತ್ತದೆ, ಇದರ ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಆ ತೊಂದರೆಯೂ ಇಲ್ಲ. ಒಂದು ಮಾತು ನೆನಪಿರಲಿ: ಕೇಬಲ್ ಚುಚ್ಚಿಟ್ಟರೆ ಬ್ಯಾಟರಿ ಓಡುತ್ತಲೇ ಇರುತ್ತದೆ. ಒಮ್ಮೆ ರಾತ್ರಿಯಿಡೀ ಹಾಗೇ ಬಿಟ್ಟು ಬೆಳಗ್ಗೆ ಖಾಲಿ ಬ್ಯಾಟರಿ ಹಿಡಿದು ಕೂತಿದ್ದೆ.

ಅಕೂಸ್ಟಿಕ್ ಮಾಡೆಲ್‌ನಲ್ಲಿ ಮಾತ್ರ ಕೆಂಪರ್‌ನ ಆಂಪ್, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಎರಡನ್ನೂ ಆಫ್ ಮಾಡಿ. ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನೆಲ್ಲ ಕತ್ತರಿಸಿಬಿಡುತ್ತದೆ. ಅಕೂಸ್ಟಿಕ್‌ನ ಜೀವ ಇರುವುದೇ ಅಲ್ಲಿ, ಬೆರಳು ತಂತಿ ಬಿಡುವಾಗಿನ ಆ ಚುರುಕಿನಲ್ಲಿ. ಒಂದು ರಿಗ್‌ನಲ್ಲಿ (ಕೆಂಪರ್‌ನಲ್ಲಿ ಉಳಿಸಿಡುವ ಒಂದು ಪೂರ್ತಿ ಸೆಟ್ಟಿಂಗ್) ಎರಡನ್ನೂ ಆಫ್ ಮಾಡಿ, ಸ್ವಲ್ಪ ಕಂಪ್ರೆಸರ್, ಸ್ವಲ್ಪ ರಿವರ್ಬ್ ಹಾಕಿ ಉಳಿಸಿಟ್ಟಿದ್ದೇನೆ. ಮೊದಲ ಸಲ ಅದರಲ್ಲಿ ಒಂದು ಜಿ ಕಾರ್ಡ್ ಮೀಟಿದಾಗ ಸುಮ್ನೆ ಕೂತು ಕೇಳುತ್ತಲೇ ಇದ್ದೆ.

ಇನ್ನು ಶ್ರುತಿ ಬದಲಿಸುವ ನಾಬ್. ನನಗೆ ಈ ಜೋಡಿಯಲ್ಲಿ ಎಲ್ಲಕ್ಕಿಂತ ಇಷ್ಟ ಅದು. ತಂತಿ ಮುಟ್ಟದೆಯೇ ಡ್ರಾಪ್ ಡಿ (ದಪ್ಪ ತಂತಿ ಇ ಬದಲು ಡಿ) ಸಿಗುತ್ತದೆ, ಓಪನ್ ಜಿ (ತಂತಿ ಒತ್ತದೆ ಮೀಟಿದರೇ ಜಿ ಕಾರ್ಡ್) ಸಿಗುತ್ತದೆ. ಆದರೆ ವಾಲ್ಯೂಮ್ ತಗ್ಗಿಸಿ ನುಡಿಸಿದರೆ ಒಂದು ವಿಚಿತ್ರ ಆಗುತ್ತದೆ. ಡ್ರಾಪ್ ಡಿಯಲ್ಲಿ ದಪ್ಪ ತಂತಿ ಕೈಯಲ್ಲಿ ಇನ್ನೂ ಇ ಸ್ವರದಲ್ಲೇ ಇದೆ, 82.4 ಹರ್ಟ್ಸ್. ಸ್ಪೀಕರ್‌ನಿಂದ ಬರುವುದು ಡಿ, 73.4 ಹರ್ಟ್ಸ್. ಎರಡೂ ಒಟ್ಟಿಗೆ ಕಿವಿಗೆ ಬಿದ್ದಾಗ ಸೆಕೆಂಡಿಗೆ ಒಂಬತ್ತು ಸಲ ಮಿಡಿಯುವ ಒಂದು ಗುಂಯ್ ಹುಟ್ಟುತ್ತದೆ. ನನ್ನ ಕೈಯೇ ತಪ್ಪಿದೆ ಅಂತ ಮೂರು ಸಲ ಟ್ಯೂನರ್ ನೋಡಿದೆ. ವಾಲ್ಯೂಮ್ ಏರಿಸಿದರೆ ಅಥವಾ ಮುಚ್ಚಿದ ಹೆಡ್‌ಫೋನ್ ಹಾಕಿದರೆ ಅದು ಮಾಯ.

ಹೆಚ್ಚು ಗೇನ್ ಇರುವ ಪ್ರೊಫೈಲ್‌ನಲ್ಲಿ ಅಂಗೈ ಊರಿ ತಂತಿ ಅದುಮಿ ನುಡಿಸುವಾಗ ಪೀಜೋ ಇನ್ನೂ ನನಗೆ ಒಗ್ಗಿಲ್ಲ. ಅದಕ್ಕೆ ಅಂಗೈ ತಾಗುವುದೂ ಕೇಳಿಸುತ್ತದೆ, ಪಿಕ್ ತಗಲುವುದೂ ಕೇಳಿಸುತ್ತದೆ, ಗೇನ್ ಅದನ್ನೆಲ್ಲ ಎತ್ತಿ ತೋರಿಸುತ್ತದೆ. ಅಂಗೈ ಸ್ವಲ್ಪ ಹಗುರ ಮಾಡಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂಥ ಕಡೆ ಮಾಡೆಲ್ ನಾಬ್ ಒತ್ತಿ ಗಿಟಾರಿನ ಮಾಮೂಲಿ ಮ್ಯಾಗ್ನೆಟಿಕ್ ಪಿಕಪ್‌ಗೆ ಬರುತ್ತೇನೆ, ಡಿಸ್ಟಾರ್ಷನ್ ಸೆನ್ಸ್ ಬೇರೆಯಾಗಿ ಉಳಿಸಿಟ್ಟ ರಿಗ್ ತೆಗೆಯುತ್ತೇನೆ, ರಿಫ್ ಮುಗಿದ ಮೇಲೆ ಮತ್ತೆ ಮಾಡೆಲ್‌ಗೆ ವಾಪಸ್.