ರೆಡಿ ಬಂತಾ ಅಂತ ಕೇಳಲೇ ಇಲ್ಲ

ತಿಪಟೂರಿನ ಆ ಕೊಬ್ಬರಿ ವ್ಯಾಪಾರಿ ನನಗೆ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ಮನಸ್ಸಲ್ಲಿ ಕೊರೆಯುತ್ತಿರಲಿಲ್ಲ.

ನಮ್ಮ ಗ್ಯಾರೇಜ್ ಇರುವುದು ತುಮಕೂರಿನ ಬಟವಾಡಿ ಹತ್ತಿರ. ಡೀಸೆಲ್ ಗಾಡಿಗಳ ವೈರಿಂಗ್ ಮಾಡಿಕೊಂಡೇ ಬಂದವನು ನಾನು. ಆ ವ್ಯಾಪಾರಿಯದು ಹೈಬ್ರಿಡ್ ಕಾರು, ಅಂದರೆ ಇಂಜಿನ್ ಜೊತೆ ದೊಡ್ಡ ಬ್ಯಾಟರಿ, ಮೋಟಾರೂ ಇರುವ ಗಾಡಿ. ಅದು ಮೊದಲ ಸಲ ಬಂದಾಗ ಕಂಪ್ಲೇಂಟ್ ಇಷ್ಟೇ: ಬೆಳಿಗ್ಗೆ ಬಟನ್ ಒತ್ತಿದರೆ ಗಾಡಿ ಹೊರಡಲು ಸಿದ್ಧ ಅಂತ ತೋರಿಸುವ 'ರೆಡಿ' ಲೈಟ್ ಬರಲ್ಲ, ಮೀಟರ್ ತುಂಬಾ ಲೈಟು. ಸ್ಕ್ಯಾನರ್ ಹಾಕಿದೆ. 17 ಫಾಲ್ಟ್ ಕೋಡ್. ಜಾಸ್ತಿ ಇದ್ದದ್ದು ಯು ಕೋಡ್‌ಗಳೇ. ಗಾಡಿಯೊಳಗಿನ ಸಣ್ಣ ಕಂಪ್ಯೂಟರ್‌ಗಳಲ್ಲಿ ಆ ಮಾಡ್ಯೂಲ್ ಮಾತಾಡುತ್ತಿಲ್ಲ, ಈ ಮಾಡ್ಯೂಲ್ ಮಾತಾಡುತ್ತಿಲ್ಲ ಅಂತ. ಅದರಲ್ಲಿ ಒಂದು, ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಬ್ಯಾಟರಿಗೆ ಚಾರ್ಜ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಹೆಸರಲ್ಲೂ ಇತ್ತು.

ಈ ಗಾಡಿಯಲ್ಲಿ 12 ವೋಲ್ಟ್ ಬ್ಯಾಟರಿ ಇಂಜಿನ್ ತಿರುಗಿಸುವುದಿಲ್ಲ. ಕಂಪ್ಯೂಟರ್‌ಗಳನ್ನು ಎಬ್ಬಿಸಬೇಕು, ದೊಡ್ಡ ಬ್ಯಾಟರಿಯ ರಿಲೇ ಎಳೆಯಬೇಕು, ಅಲ್ಲಿಂದಾಚೆಗೆ ದೊಡ್ಡ ಬ್ಯಾಟರಿಯೇ ನೋಡಿಕೊಳ್ಳುತ್ತದೆ. ಡೀಸೆಲ್ ಗಾಡಿಯಾದರೆ ಸೆಲ್ಫ್ ಎಳೆಯುವ ಸದ್ದಲ್ಲೇ ಬ್ಯಾಟರಿ ಸೋತಿದ್ದು ಗೊತ್ತಾಗುತ್ತದೆ. ಇಲ್ಲಿ ಆ ಸುಳಿವೇ ಇಲ್ಲ. ನಿನ್ನೆ ಸಂಜೆವರೆಗೂ ಚೆನ್ನಾಗಿ ಓಡಿದ ಗಾಡಿ ಬೆಳಿಗ್ಗೆ ಎದ್ದೇಳುವುದಿಲ್ಲ.

12 ವೋಲ್ಟ್ ಬ್ಯಾಟರಿ 11.6 ವೋಲ್ಟ್ ತೋರಿಸಿತು. ಟೆಸ್ಟರ್ ಹಾಕಿದರೆ 'ಚಾರ್ಜ್ ಮಾಡಿ ಮತ್ತೆ ಟೆಸ್ಟ್ ಮಾಡಿ' ಅಂತ ಬಂತು. ನಾನು ಮಾಡಲಿಲ್ಲ. ಸಂಜೆ ಆರಾಗಿತ್ತು, ಹೊರಗೆ ಇನ್ನೂ ಮೂರು ಗಾಡಿ ನಿಂತಿದ್ದವು. ತಿಂಗಳಿಗೆ ಇಷ್ಟು ಬ್ಯಾಟರಿ ಮಾರಲೇಬೇಕು ಅಂತ ಮೇಲಿನವರ ಒತ್ತಡ ಬೇರೆ. ಚಾರ್ಜರ್‌ಗೆ ಹಾಕಿ ರಾತ್ರಿಯೆಲ್ಲಾ ಕಾಯುವ ಕೆಲಸಕ್ಕೆ ಬಿಲ್ ಆಗುವುದಿಲ್ಲ, ಹೊಸ ಬ್ಯಾಟರಿಗೆ ಆಗುತ್ತದೆ. ಈ ಲೆಕ್ಕ ಇಟ್ಟುಕೊಂಡು ಗ್ಯಾರೇಜ್ ನಡೆಸುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಅವತ್ತು ಸ್ಪ್ಯಾನರ್ ಹಿಡಿದಿದ್ದವನು ನಾನೇ. ಹೊಸ 45 ಎಎಚ್ (ಆಂಪ್-ಅವರ್) ಬ್ಯಾಟರಿ ಹಾಕಿದೆ. ರೆಡಿಯಲ್ಲಿ 14.1 ಬಂತು. 'ಚಾರ್ಜಿಂಗ್ ಓಕೆ' ಅಂತ ಜಾಬ್ ಕಾರ್ಡ್‌ನಲ್ಲಿ ಬರೆದೆ.

ಒಂಬತ್ತನೇ ದಿನ ಬೆಳಿಗ್ಗೆ ಐದೂವರೆಗೆ ಫೋನ್. ಮಗಳನ್ನು ಬೆಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತಂತೆ, ಗಾಡಿ ಸತ್ತು ಬಿದ್ದಿದೆ. ರಿಮೋಟ್‌ಗೂ ಬಾಗಿಲು ತೆಗೆಯುತ್ತಿಲ್ಲ. ರಿಮೋಟ್ ಒಳಗಿರುವ ಕಬ್ಬಿಣದ ಕೀ ಎಳೆದು ಬಾಗಿಲು ತೆಗೆಯೋದು, ಬಾನೆಟ್ ಕೆಳಗಿನ ಜಂಪ್ ಟರ್ಮಿನಲ್ ಹುಡುಕೋದು, ಎಲ್ಲ ಫೋನಲ್ಲೇ ಹೇಳಿಕೊಟ್ಟೆ. 'ಪ್ಲಸ್ ಮೈನಸ್ ಅದಲು ಬದಲಾಗಬಾರದು ಯಜಮಾನ್ರೇ, ಕೆಂಪು ಕ್ಯಾಪ್ ಇರೋದೇ ಪ್ಲಸ್' ಅಂತ ಮೂರು ಸಲ ಹೇಳಿದೆ. ಉಲ್ಟಾ ಕೊಟ್ಟರೆ ಫ್ಯೂಸ್ ಹೋಗುತ್ತದೆ, ಕೆಲವು ಸಲ ಕನ್ವರ್ಟರೇ ಹೋಗುತ್ತದೆ. ಪಕ್ಕದ ಮನೆಯವರ ಜೀಪಿಂದ ಜಂಪ್ ಕೊಟ್ಟರು. ಆ ಐದು ನಿಮಿಷ ನಾನು ಮನೆ ಅಂಗಳದಲ್ಲಿ ಫೋನ್ ಕಿವಿಗಿಟ್ಟುಕೊಂಡು ನಿಂತೇ ಇದ್ದೆ. 'ಬಂತಪ್ಪ' ಅಂದಾಗಲೇ ಉಸಿರು ಬಿಟ್ಟಿದ್ದು.

ಎರಡು ದಿನ ಬಿಟ್ಟು ಗಾಡಿ ತಂದರು. ಇಲ್ಲಿ ನನ್ನ ಎರಡನೇ ತಪ್ಪು. ರೆಡಿಯಲ್ಲಿ 14.2 ಇದ್ದದ್ದು ಸ್ವಲ್ಪ ಹೊತ್ತಿಗೆ 13.4ಕ್ಕೆ ಇಳಿಯಿತು. ಹಳೆಯ ಕೋಡ್ ನೆನಪಾಯಿತು. ಕನ್ವರ್ಟರ್ ಹೋಗಿದೆ ಅಂದುಬಿಟ್ಟೆ. ಬ್ಯಾಟರಿ ಎಷ್ಟು ತುಂಬಿದೆ ಅಂತ ನೋಡಿಕೊಂಡು ಕಂಪ್ಯೂಟರೇ ವೋಲ್ಟೇಜ್ ಇಳಿಸುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು. ವೋಲ್ಟೇಜ್ ಬಿದ್ದಾಗ ಎಲ್ಲರ ಹೆಸರಲ್ಲೂ ಕೋಡ್ ಬರುತ್ತದೆ ಅನ್ನುವುದಂತೂ ಗೊತ್ತೇ ಇತ್ತು. ಎಸ್ಟಿಮೇಟ್ ಕೊಟ್ಟೆ, ಒಂದು ಹೊಸ ಬೈಕಿನ ಬೆಲೆ. ಅವರು ಒಂದು ನಿಮಿಷ ಸುಮ್ಮನಿದ್ದು, 'ನೀನು ಹೇಳಿದ್ಮೇಲೆ ಹಾಕಲೇಬೇಕಲ್ಲಪ್ಪ' ಅಂತ ಜೇಬಿಂದ ಅಡ್ವಾನ್ಸ್ ತೆಗೆದರು.

ಆರ್ಡರ್ ಹಾಕುವ ಮುಂಚೆ ಲೀಕೇಜ್ ಒಂದು, ಅಂದರೆ ಗಾಡಿ ಆಫ್ ಇದ್ದಾಗಲೂ ಬ್ಯಾಟರಿಯಿಂದ ಕರೆಂಟ್ ಸೋರುತ್ತಿದೆಯಾ ಅಂತ, ನೋಡಿಬಿಡೋಣ ಅನ್ನಿಸಿತು. ಬ್ಯಾಟರಿ ಇರುವ ಡಿಕ್ಕಿ ತೆಗೆದಿಟ್ಟು ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಕೂರಿಸಿದೆ. ಮುಚ್ಚಿದೆ ಅಂತ ಗಾಡಿ ನಂಬಬೇಕಲ್ಲ. ಮೈನಸ್ ಕೇಬಲ್‌ಗೆ ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ, ಲಾಕ್ ಮಾಡಿ, ಕೀಯನ್ನು ದೂರ ಆಫೀಸ್ ಡ್ರಾಯರಲ್ಲಿಟ್ಟೆ. ಕೀ ಹತ್ತಿರ ಇದ್ದರೆ ಗಾಡಿ ಪೂರ್ತಿ ಮಲಗಲ್ಲ. ಅರ್ಧ ಗಂಟೆ ಕಾದೆ. 28 ಮಿಲಿ ಆಂಪ್. 50ರ ಒಳಗಿದ್ದರೆ ಚಿಂತೆಯಿಲ್ಲ. ಲೀಕೇಜ್ ಇಲ್ಲ. ಕನ್ವರ್ಟರೇ ಅಂತ ಇನ್ನೂ ಗಟ್ಟಿಯಾಯಿತು.

ಕ್ಲ್ಯಾಂಪ್ ತೆಗೆಯುವ ಮುಂಚೆ ಟೀ ಬಂತು. ಅಷ್ಟರಲ್ಲಿ ಯಜಮಾನರು ಬಿಸಿಲು ತಾಳದೆ ಆಫೀಸಿಂದ ಕೀ ಇಸಕೊಂಡು ಹೋಗಿ ಕಾರಲ್ಲಿ ಕೂತಿದ್ದರು. ಬಟನ್ ಒತ್ತಿದರು. ಫ್ಯಾನ್ ಸದ್ದು, ಮಂಡಿಯವರ ಜೊತೆ ಫೋನ್ ಮಾತು ಸ್ಪೀಕರಲ್ಲಿ. ನಾನು ಲೋಟ ಹಿಡಿದು ಡಿಕ್ಕಿ ಹತ್ತಿರ ಬಂದೆ. ಮೀಟರಲ್ಲಿ 14 ಆಂಪ್. ಒಳಗೆ ಬರುತ್ತಿರುವುದಲ್ಲ, ಹೊರಗೆ ಹೋಗುತ್ತಿರುವುದು.

ಮುಂದೆ ಹೋಗಿ ನೋಡಿದೆ. ಡ್ಯಾಶ್ ಪೂರ್ತಿ ಬೆಳಗಿದೆ, ರೆಡಿ ಇಲ್ಲ. ಅವರ ಬಲಗಾಲು ಬ್ರೇಕ್ ಮೇಲಿಲ್ಲ. ಸೀಟ್ ಹಿಂದಕ್ಕೆ ಸರಿಸಿ ಆರಾಮಾಗಿ ಚಾಚಿಕೊಂಡಿದ್ದಾರೆ.

'ಯಜಮಾನ್ರೇ, ಮಂಡಿ ಹತ್ರಾನೂ ಹಿಂಗೇ ಕೂರ್ತೀರಾ?'

'ಹ್ಞೂಂ. ಹರಾಜು ಮುಗಿಯೋವರ್ಗೂ. ಒಂದೂವರೆ ಗಂಟೆ ಆಗ್ತದೆ. ಯಾಕಪ್ಪ? ಈ ಗಾಡೀಲಿ ಇಂಜಿನ್ ಸದ್ದೇ ಬರಲ್ವಲ್ಲ, ಚಾಲೂ ಆಗೈತೆ ಅನ್ಕಂಡೆ.'

ಲೆಕ್ಕ ಹಾಕಿದೆ. 14 ಆಂಪ್, ಒಂದೂವರೆ ಗಂಟೆ. 21 ಎಎಚ್. ಹೆಚ್ಚುಕಡಿಮೆ ಅರ್ಧ ಬ್ಯಾಟರಿ ಖಾಲಿ. ರೆಡಿಗೆ ಬರದೆ ಕನ್ವರ್ಟರ್ ಚಾರ್ಜ್ ಮಾಡುವುದೇ ಇಲ್ಲ. ಆಮೇಲೆ ಮಂಡಿಯಿಂದ ಮನೆಗೆ ಎರಡು ಕಿಲೋಮೀಟರ್ ಓಡಿಸಿದರೆ ಅದರಲ್ಲಿ ಏನು ತುಂಬುತ್ತದೆ? ಹೀಗೆ ವಾರದಲ್ಲಿ ಎರಡು ಸಲ.

ಅಡ್ವಾನ್ಸ್ ಅವರ ಕೈಗೆ ವಾಪಸ್ ಇಟ್ಟು, ತಪ್ಪು ನನ್ನದು ಅಂದೆ. ಎರಡು ಸಲ ಗಾಡಿ ಬಿಚ್ಚಿದರೂ ನೀವು ಹೇಗೆ ಬಳಸುತ್ತೀರಿ ಅಂತ ಒಂದು ಮಾತು ಕೇಳಿರಲಿಲ್ಲ ಅಂದೆ. ಪಕ್ಕದಲ್ಲಿ ಕೂತು, ಬ್ರೇಕ್ ಒತ್ತಿ ಬಟನ್ ಒತ್ತೋದು, ಹಸಿರು ಅಕ್ಷರದಲ್ಲಿ ರೆಡಿ ಬರೋದನ್ನು ನೋಡಿಕೊಳ್ಳೋದು ಹತ್ತು ಸಲ ಮಾಡಿಸಿದೆ. ನಿಂತಲ್ಲೇ ಇದ್ದರೂ ರೆಡಿಯಲ್ಲಿ ಕೂತರೆ ಸಾಕು, ಬೇಕಾದಾಗ ಇಂಜಿನ್ ತಾನಾಗೇ ಬಂದು ಹೋಗುತ್ತದೆ, ಮುಚ್ಚಿದ ಶೆಡ್ಡಲ್ಲಿ ಮಾತ್ರ ಹಾಗೆ ಬಿಡಬೇಡಿ ಅಂತ ಹೇಳಿದೆ. ಆಮೇಲೆ ಆ ಗಾಡಿ ಒಮ್ಮೆಯೂ ಸತ್ತಿಲ್ಲ.

ಈಗ ನಮ್ಮ ಜಾಬ್ ಕಾರ್ಡ್‌ನಲ್ಲಿ ಹೈಬ್ರಿಡ್ ಬಂದರೆ ಮೊದಲು ಪೆನ್ನಲ್ಲಿ ಒಂದು ಸಾಲು ಬರೆಯುತ್ತೇನೆ: ಎಲ್ಲಿ ನಿಲ್ಲಿಸ್ತೀರಿ, ಎಷ್ಟು ಹೊತ್ತು ಒಳಗೆ ಕೂರ್ತೀರಿ, ಕೀ ಎಲ್ಲಿಡ್ತೀರಿ. ಪ್ರಿಂಟ್ ಮಾಡಿಸಿ ಅಂತ ಕೇಳಿ ಆರು ತಿಂಗಳಾಯಿತು, ಇನ್ನೂ ಆಗಿಲ್ಲ.

ಅವರ ಹಳೆಯ ಬ್ಯಾಟರಿ ಚಾರ್ಜ್ ಮಾಡಿ ನೋಡೋಣ ಅಂತ ಅವತ್ತೇ ಹಿಂದಿನ ಶೆಡ್‌ಗೆ ಹೋದೆ. ಹಿಂದಿನ ವಾರವೇ ಗುಜರಿಯವನು ಬಂದು ಎತ್ತಿಕೊಂಡು ಹೋಗಿದ್ದ. ಅದು ನಿಜಕ್ಕೂ ಕೆಟ್ಟಿತ್ತಾ, ಒಂದು ರಾತ್ರಿ ಚಾರ್ಜ್ ಮಾಡಿದ್ದರೆ ಸಾಕಾಗಿತ್ತಾ, ಈಗ ಹೇಳೋಕಾಗಲ್ಲ. ಆ ಬಿಲ್ಲಿನ ದುಡ್ಡನ್ನು ಅವರು ಇವತ್ತಿನವರೆಗೂ ಕೇಳಿಲ್ಲ.