ಪಂಚಮಿಯ ದಿನ ಕ್ಯಾನ್ಸಸ್‌ನಲ್ಲಿ ಹಾಕಿದ ಮತ

ಮತಪತ್ರದ ಮೇಲಿನ ಪ್ರಶ್ನೆಯೇ ತಲೆಕೆಳಗಾಗಿತ್ತು. ‘ಹೌದು’ ಎಂದರೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಸಂವಿಧಾನ ಗರ್ಭಪಾತಕ್ಕೆ ಕೊಟ್ಟಿರುವ ರಕ್ಷಣೆ ಹೋಗುತ್ತದೆ, ‘ಇಲ್ಲ’ ಎಂದರೆ ಉಳಿಯುತ್ತದೆ. ಸ್ವಂತ ದೇಹದ ಬಗ್ಗೆ ತೀರ್ಮಾನಿಸುವ ಹಕ್ಕು ನಮ್ಮ ಸಂವಿಧಾನದಲ್ಲೇ ಇದೆ, ಗರ್ಭಪಾತದ ತೀರ್ಮಾನವೂ ಅದರೊಳಗೆ ಬರುತ್ತದೆ ಎಂದು ರಾಜ್ಯದ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತ್ತು. ಆ ತೀರ್ಪನ್ನು ಅಳಿಸಲು ತಂದ ತಿದ್ದುಪಡಿಗೆ ‘ವ್ಯಾಲ್ಯೂ ದೆಮ್ ಬೋತ್’ ಎಂದು ಹೆಸರಿಟ್ಟಿದ್ದರು. ತಾಯಿ, ಮಗು ಇಬ್ಬರಿಗೂ ಬೆಲೆ ಕೊಡಿ ಎಂದು. ಅಂಥ ಹೆಸರು ನೋಡಿ ‘ಇಲ್ಲ’ ಎನ್ನಲು ಯಾರಿಗೆ ಮನಸ್ಸು ಬಂದೀತು? ದಿನವನ್ನೂ ಲೆಕ್ಕ ಹಾಕಿಯೇ ಗೊತ್ತುಮಾಡಿದ್ದರೆಂಬುದು ನನ್ನ ಗಟ್ಟಿ ನಂಬಿಕೆ. 2022ರ ಆಗಸ್ಟ್ 2 ಎಂದರೆ ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ. ಬೇಸಿಗೆಯ ಆ ಚುನಾವಣೆಗೆ ಜನ ಬರುವುದೇ ಕಡಿಮೆ. ಯಾವ ಪಕ್ಷದಲ್ಲೂ ಹೆಸರು ನೋಂದಾಯಿಸದವರಂತೂ ತಮಗೆ ಅಲ್ಲಿ ಮತವೇ ಇಲ್ಲವೆಂದು ಮನೆಯಲ್ಲೇ ಉಳಿದುಬಿಡುತ್ತಾರೆ.

ಆ ಮಂಗಳವಾರ ನಾಗರ ಪಂಚಮಿ. ಬೆಳಿಗ್ಗೆ ನಾನಿನ್ನೂ ಒಲೆ ಹಚ್ಚಿರಲಿಲ್ಲ, ಬೆಳಗಾವಿಯಿಂದ ಅವ್ವನ ಫೋನು. ಅಲ್ಲಿ ಸಂಜೆಯಾಗುತ್ತಿತ್ತು, ಜೋಕಾಲಿ ಕಟ್ಟಿದ್ದ ಮಕ್ಕಳ ಗದ್ದಲ ಕೇಳಿಸುತ್ತಿತ್ತು.

“ಹಾಲು ಎರೆದೆಯಾ?”

“ಈಗ ಎರೆಯುತ್ತೇನೆ ಅವ್ವ. ಆಮೇಲೆ ಮತ ಹಾಕಲು ಹೋಗಬೇಕು.”

ಯಾವುದರ ಮತ ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಂದರೆ ಬಸುರಿಗೆ ಕಷ್ಟ ಬಂದಾಗ ಡಾಕ್ಟರು ಪೊಲೀಸರ ಮುಖ ನೋಡಬೇಕೇ? ಸವಿತಾಗೆ ಆದದ್ದು ಅದೇ ಅಲ್ಲವೇ?” ಎಂದಳು.

ಬೆಳಗಾವಿಯಲ್ಲಿ ಸವಿತಾ ಎಂದರೆ ಯಾವ ಸವಿತಾ ಎಂದು ಕೇಳಬೇಕಾಗಿಲ್ಲ. ನಮ್ಮೂರಿನ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡಳು. 31 ವರ್ಷ, 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ, ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಅವಳು ಕೇಳಿದ ಚಿಕಿತ್ಸೆಯನ್ನು ಕೊಡಲಿಲ್ಲ. ಸೋಂಕು ರಕ್ತಕ್ಕೆ ಏರಿತು. ಐದೂವರೆ ವರ್ಷಗಳ ನಂತರ, 2018ರ ಮೇ 25ರಂದು, ಆ ದೇಶದ ಜನ 66 ಪ್ರತಿಶತ ಮತಗಳಿಂದ ಗರ್ಭಪಾತಕ್ಕೆ ಸಂವಿಧಾನದಲ್ಲಿದ್ದ ಆ ನಿಷೇಧವನ್ನು ಕಿತ್ತುಹಾಕಿದರು. ಆ ಮತದಾನಕ್ಕೆ ಮೊದಲು ಬೆಳಗಾವಿಯಿಂದ ಅವಳ ತಂದೆ ಐರ್ಲೆಂಡಿನ ಮತದಾರರಿಗೆ ಮನವಿ ಮಾಡಿಕೊಂಡಿದ್ದರು. ಮಗಳನ್ನು ಕಳೆದುಕೊಂಡ ತಂದೆ ಪರದೇಶದ ಹೆಣ್ಣುಮಕ್ಕಳಿಗಾಗಿ ಬೇಡಿಕೊಂಡ ಆ ಸುದ್ದಿಯನ್ನು ಓದಿ ನಾನು ಅತ್ತಿದ್ದೆ.

ಫೋನು ಇಟ್ಟು ಬೆಳ್ಳಿಯ ನಾಗಪ್ಪನ ಮುಂದೆ ಕುಳಿತೆ. ನಮ್ಮ ಕಡೆ ಹಾಲು ಎರೆಯುವಾಗ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಾರೆ: ದೇವರ ಪಾಲು, ದಿಂಡರ ಪಾಲು, ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು. ಗಂಡನ, ಮಗನ ಪಾಲು ಎರೆದ ಮೇಲೆ ನಾನು ಇನ್ನೊಂದು ಚಮಚ ಎರೆಯುತ್ತೇನೆ, ಹೆಸರಿಡುವ ಮೊದಲೇ ಹೋದ ಮಗುವಿನದು. ಮಗ ಹುಟ್ಟುವುದಕ್ಕೆ ಮುಂಚೆ, ಇದೇ ಕ್ಯಾನ್ಸಸ್‌ನ ಆಸ್ಪತ್ರೆಯೊಂದರಲ್ಲಿ, ನನಗೂ ಐದನೆಯ ತಿಂಗಳಿನ ಹೊಸ್ತಿಲಲ್ಲಿ ನೀರು ಒಡೆದಿತ್ತು. ಡಾಕ್ಟರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತು ಹೇಳಿದರು: ಎದೆ ಬಡಿತ ಇನ್ನೂ ಇದೆ, ಆದರೆ ಮಗು ಉಳಿಯುವುದಿಲ್ಲ, ಕಾಯುತ್ತಾ ಕುಳಿತರೆ ಸೋಂಕು ನಿಮಗೆ ಏರಬಹುದು, ತೀರ್ಮಾನ ನಿಮ್ಮದು. ಅಂದು ಸಂಜೆಯೇ ಎಲ್ಲ ಮುಗಿಯಿತು. ಆ ಡಾಕ್ಟರು ಯಾರಿಗೂ ಫೋನು ಮಾಡಲಿಲ್ಲ, ಯಾವ ವಕೀಲರನ್ನೂ ಕೇಳಲಿಲ್ಲ. ಆ ಮಗು ನನಗೆ ಬೇಕಾಗಿತ್ತು. ನಾನು ಬದುಕುವುದೂ ಬೇಕಾಗಿತ್ತು.

ನಾವಿರುವುದು ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ, ಕ್ಯಾನ್ಸಸ್‌ನ ಪೂರ್ವದ ಅಂಚು. ನನ್ನ ಕಚೇರಿ ಇರುವುದು ಮಿಸೌರಿ ರಾಜ್ಯದಲ್ಲಿ. ನಡುವೆ ಇರುವುದು ಸ್ಟೇಟ್ ಲೈನ್ ರೋಡ್ ಎಂಬ ಒಂದು ರಸ್ತೆ. ಪಶ್ಚಿಮದ ಮನೆಗಳು ಕ್ಯಾನ್ಸಸ್‌ನವು, ಎದುರಿನ ಮನೆಗಳು ಮಿಸೌರಿಯವು. ಎರಡೂ ಕಡೆ ಅವೇ ಓಕ್ ಮರಗಳು, ಅವೇ ಕಾಫಿ ಅಂಗಡಿಗಳು. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು, ಗರ್ಭಪಾತದ ಹಕ್ಕನ್ನು ದೇಶಕ್ಕೆಲ್ಲ ಕೊಟ್ಟಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿದ ಕೆಲವೇ ನಿಮಿಷಗಳಲ್ಲಿ ಮಿಸೌರಿಯಲ್ಲಿ ನಿಷೇಧ ಜಾರಿಗೆ ಬಂತು. ಅತ್ಯಾಚಾರವಾದವರಿಗೂ ವಿನಾಯಿತಿ ಇರಲಿಲ್ಲ. ವೈದ್ಯಕೀಯ ತುರ್ತು ಎಂದು ತೋರಿಸಬೇಕಿತ್ತು, ತಪ್ಪಿದರೆ ಡಾಕ್ಟರಿಗೆ 5ರಿಂದ 15 ವರ್ಷ ಜೈಲು. ಆ ವಾರವೇ ಒಂದು ದೊಡ್ಡ ಆಸ್ಪತ್ರೆ ಸಮೂಹ ಮಿಸೌರಿಯ ತನ್ನ ಆಸ್ಪತ್ರೆಗಳಲ್ಲಿ ತುರ್ತು ಗರ್ಭನಿರೋಧಕ ಕೊಡುವುದನ್ನೇ ನಿಲ್ಲಿಸಿ, ಜನ ಕೂಗೆಬ್ಬಿಸಿದ ಮೇಲೆ ಮತ್ತೆ ಆರಂಭಿಸಿತು. ಕಾನೂನು ಅದನ್ನು ನಿಷೇಧಿಸಿರಲೇ ಇಲ್ಲ. ಇಂಥ ಕಾಯ್ದೆಗಳು ಕೆಲಸ ಮಾಡುವ ರೀತಿ ನನಗೆ ಅರ್ಥವಾದದ್ದು ಆಗಲೇ: ಯಾರಿಗೂ ಶಿಕ್ಷೆಯಾಗುವ ಮೊದಲೇ ಭಯ ತನ್ನ ಕೆಲಸ ಮುಗಿಸಿರುತ್ತದೆ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಆಗ ಬಸುರಿ. ಅವಳ ಮನೆ ಆ ರಸ್ತೆಯ ಪೂರ್ವಕ್ಕೆ. ಬೇಗ ನೀರು ಒಡೆದರೆ ಏನು ಮಾಡುತ್ತೀರಿ ಎಂದು ಅವಳು ತನ್ನ ಡಾಕ್ಟರನ್ನು ಕೇಳಿದ್ದಳಂತೆ. ಅವರು ಕಂಪ್ಯೂಟರಿನ ಕಡೆ ನೋಡುತ್ತಾ, ಆಸ್ಪತ್ರೆಯ ಕಾನೂನು ವಿಭಾಗದೊಂದಿಗೆ ಮಾತಾಡಬೇಕಾಗುತ್ತದೆ ಎಂದರಂತೆ. ಮಾರನೆಯ ದಿನ ಅವಳು ಕ್ಯಾನ್ಸಸ್ ಕಡೆಯ ಆಸ್ಪತ್ರೆಯ ವಿಳಾಸ, ತುರ್ತು ವಿಭಾಗದ ಬಾಗಿಲು ಯಾವ ದಿಕ್ಕಿಗಿದೆ ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೈಚೀಲದ ಮುಂದಿನ ಜೇಬಿನಲ್ಲಿ ಇಟ್ಟುಕೊಂಡಳು. ಇನ್ನೊಂದು ಪ್ರತಿಯನ್ನು ನನಗೆ ಕೊಟ್ಟಳು, ಕಚೇರಿಯಲ್ಲಿ ಏನಾದರೂ ಆದರೆ ಇರಲಿ ಎಂದು. ಇದು ಅಮೆರಿಕದ ದೊಡ್ಡ ನಗರವೊಂದರಲ್ಲಿ, ಒಳ್ಳೆಯ ಆರೋಗ್ಯ ವಿಮೆ ಇರುವ ಹೆಣ್ಣುಮಗಳ ಪಾಡು.

ಮತದಾನಕ್ಕೆ ಹಿಂದಿನ ವಾರಾಂತ್ಯಗಳಲ್ಲಿ ಮನೆ ಮನೆ ತಿರುಗಿ ಬಾಗಿಲು ತಟ್ಟುವವರ ಜೊತೆ ನಾನೂ ಹೋಗಿದ್ದೆ. ಭುಗಿಲೆನ್ನುವ ಬಿಸಿಲು. ಈ ರಾಜ್ಯದಲ್ಲಿ ಈ ವಿಷಯ ಎತ್ತಲು ಜನ ಹೆದರುವುದಕ್ಕೆ ಕಾರಣವಿದೆ. ವಿಚಿಟಾ ನಗರದಲ್ಲಿ ಗರ್ಭಪಾತದ ಸೇವೆ ಕೊಡುತ್ತಿದ್ದ ಡಾಕ್ಟರ್ ಜಾರ್ಜ್ ಟಿಲ್ಲರ್ ಅವರನ್ನು 2009ರಲ್ಲಿ ಚರ್ಚಿನೊಳಗೇ ಗುಂಡಿಟ್ಟು ಕೊಂದರು. ಈ ಬಾರಿ ಜುಲೈನಲ್ಲಿ ನಮ್ಮೂರಿನ ಚರ್ಚೊಂದರ ಮೇರಿಯ ಪ್ರತಿಮೆಗೆ ಯಾರೋ ಕೆಂಪು ಬಣ್ಣ ಎರಚಿದ್ದರು; ಅದೂ ಅಷ್ಟೇ ಹೇಸಿಗೆಯ ಕೆಲಸ. ಹಾಗಾಗಿ ಹೊಸ್ತಿಲಲ್ಲಿ ನಿಂತು ಮಾತಾಡುವವರು ಮೊದಲು ರಸ್ತೆಯ ಆಚೆ ಈಚೆ ನೋಡುತ್ತಿದ್ದರು.

ಒಂದು ಮನೆಯಲ್ಲಿ ಚಿಕ್ಕ ವಯಸ್ಸಿನ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದು, ತಾನು ‘ಹೌದು’ ಎಂದೇ ಮತ ಹಾಕುವುದಾಗಿ ಹೇಳಿದಳು. ಆ ಮಗು 25ನೆಯ ವಾರಕ್ಕೆ ಹುಟ್ಟಿ, ತಿಂಗಳುಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿತಂತೆ. ಅವಳ ಕಣ್ಣಲ್ಲಿ ನೀರಿತ್ತು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಅವಳ ಮಗುವಿನ ಬೆಲೆ ನನಗೂ ಗೊತ್ತು. ಆದರೆ ಅವಳಿಗೆ ಆ ಮಗುವನ್ನು ಉಳಿಸಿಕೊಟ್ಟದ್ದು ಡಾಕ್ಟರಿಗೆ ತಕ್ಷಣ ತೀರ್ಮಾನಿಸಲು ಇದ್ದ ಸ್ವಾತಂತ್ರ್ಯ. ವಾದ ಮಾಡದೆ ಮಗುವಿನ ಕೆನ್ನೆ ಮುಟ್ಟಿ ಬಂದೆ.

ಇನ್ನೊಂದು ಮನೆಯ ಹುಲ್ಲಿನ ಮೇಲೆ ರಿಪಬ್ಲಿಕನ್ ಅಭ್ಯರ್ಥಿಯ ಫಲಕ ನೆಟ್ಟಿತ್ತು. ಎಂಬತ್ತರ ಆಸುಪಾಸಿನ ಮುದುಕರು ಪೈಪು ಹಿಡಿದು ಟೊಮೆಟೊ ಗಿಡಗಳಿಗೆ ನೀರು ಬಿಡುತ್ತಿದ್ದರು. ನನ್ನ ಜೊತೆಗಾತಿ ಬೇಡ, ಮುಂದೆ ಹೋಗೋಣ ಎಂದಳು. ಅವರೇ ಕರೆದರು. ನಲ್ಲಿ ತಿರುಗಿಸಿ ನಿಲ್ಲಿಸಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಮ್ಮ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು ಕೊನೆಯವರೆಗೂ ಓದಿದರು. ಆಮೇಲೆ ತಮ್ಮ ಹೆಂಡತಿಯ ಮಾತು ತೆಗೆದರು. ಮದುವೆಯಾದ ಹೊಸತರಲ್ಲಿ ಅವಳಿಗೆ ಗರ್ಭ ನಿಲ್ಲದೆ ರಕ್ತ ಹೋಗತೊಡಗಿದಾಗ, ಆಗಿನ ಕಾನೂನಿಗೆ ಹೆದರಿ ಡಾಕ್ಟರು ಇಡೀ ರಾತ್ರಿ ಕಾಯಿಸಿದ್ದರಂತೆ. ಅವಳು ಬದುಕಿದಳು, ಆದರೆ ಮತ್ತೆ ಮಕ್ಕಳಾಗಲಿಲ್ಲ. “ಇದನ್ನು ನಾನು ನನ್ನ ಚರ್ಚಿನವರಿಗೆ ಹೇಳಿಲ್ಲ” ಎಂದು ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮತ ಯಾರಿಗೆ ಎಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸೋಮವಾರ, ಮತದಾನಕ್ಕೆ ಹಿಂದಿನ ದಿನ, ರಾಜ್ಯದ ಎಷ್ಟೋ ಜನರ ಮೊಬೈಲಿಗೆ ಒಂದು ಸಂದೇಶ ಬಂತು: ಮಹಿಳೆಯರ ಆಯ್ಕೆಯ ಹಕ್ಕು ಹೋಗುತ್ತಿದೆ, ‘ಹೌದು’ ಎಂದು ಮತ ಹಾಕಿದರೆ ಅದು ಉಳಿಯುತ್ತದೆ ಎಂಬ ಅರ್ಥದ್ದು. ಶುದ್ಧ ಸುಳ್ಳು. ನಮ್ಮ ಕನ್ನಡ ಬಳಗದ ಹಿರಿಯ ಆಂಟಿಯೊಬ್ಬರು ಅದನ್ನು ನನಗೆ ಕಳುಹಿಸಿ, ಇದು ನಿಜವೇನಮ್ಮ ಎಂದು ಕೇಳಿದರು. ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ವಿಷಯ ಎತ್ತಿದಾಗ, ಇಲ್ಲಿ ರಾಜಕೀಯ ಬೇಡ ಎಂದಿದ್ದರು. ಗುಂಪಿನ ಅರ್ಧ ಜನ ಇನ್ನೂ ವೀಸಾದ ಮೇಲಿರುವವರು, ಅವರಿಗೆ ಮತವಿಲ್ಲ. ಆದರೂ ಆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನನಗೆ ಪ್ರತ್ಯೇಕವಾಗಿ ಬರೆದರು. ಒಬ್ಬಳಿಗೆ ಮೂರು ಬಾರಿ ಗರ್ಭ ನಿಂತಿರಲಿಲ್ಲ. ಇನ್ನೊಬ್ಬಳು ಗರ್ಭಕೋಶ ಸ್ವಚ್ಛ ಮಾಡುವ ಡಿ ಅಂಡ್ ಸಿ ಚಿಕಿತ್ಸೆ ಮಾಡಿಸಿಕೊಂಡದ್ದನ್ನು ತನ್ನ ಅತ್ತೆಗೂ ಹೇಳಿರಲಿಲ್ಲ.

ಮಂಗಳವಾರ ಆಂಟಿಯನ್ನು ನಾನೇ ಕರೆದುಕೊಂಡು ಹೋದೆ. ಮತಗಟ್ಟೆ ಇದ್ದದ್ದು ಒಂದು ಚರ್ಚಿನ ಸಭಾಂಗಣದಲ್ಲಿ. ಸಾಲು ಬಾಗಿಲು ದಾಟಿ ವಾಹನ ನಿಲ್ದಾಣದವರೆಗೂ ಬಂದಿತ್ತು. ಪ್ರಾಥಮಿಕ ಚುನಾವಣೆಗೆ ಇಂಥ ಸಾಲನ್ನು ನಾನು ನೋಡಿರಲಿಲ್ಲ. ಆಂಟಿ ಮೈಸೂರಿನವರು. ನಮ್ಮ ದೇಶದಲ್ಲಿ 1971ರಿಂದಲೇ ಕಾನೂನು ಇದೆ, ಇವರಿಗೇನು ಬಂತು ಎಂದು ಗುಂಪಿನಲ್ಲಿ ಯಾರೋ ಹೆಮ್ಮೆಯಿಂದ ಬರೆದದ್ದನ್ನು ನೆನೆದು, ಸಾಲಿನಲ್ಲಿ ನಿಂತೇ ತಮ್ಮ ಅಕ್ಕನ ಕಥೆ ಹೇಳಿದರು. ಕಾನೂನು ಬಂದು ಎಷ್ಟೋ ವರ್ಷಗಳಾದ ಮೇಲೂ ಆ ಅಕ್ಕ, ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೆದರಿ, ಯಾರದೋ ಮನೆಯ ಹಿಂಬದಿಯಲ್ಲಿ ತೆಗೆಸಿಕೊಂಡು ಮೂರನೆಯ ದಿನ ಸತ್ತಿದ್ದರು. ನಮ್ಮ ಕಾನೂನಿನಲ್ಲೂ ಕೊನೆಯ ಮಾತು ಡಾಕ್ಟರರ ಅಭಿಪ್ರಾಯದ್ದೇ ಹೊರತು ಹೆಂಗಸಿನದಲ್ಲ. 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಅವಧಿಯನ್ನು 24 ವಾರಕ್ಕೆ ಏರಿಸಿತಾದರೂ ಅದನ್ನು ಬದಲಿಸಲಿಲ್ಲ. ಆದರೆ ಜೈಲಿಗೆ ಹೆದರಿ ಬಾಗಿಲು ಮುಚ್ಚುವ ಡಾಕ್ಟರಿಗಿಂತ ಅದು ಸಾವಿರ ಪಾಲು ಮೇಲು.

ಮೇಜಿನ ಹಿಂದಿದ್ದ ಸಿಬ್ಬಂದಿ ಯಾವ ಪಕ್ಷ ಎಂದು ಕೇಳಿದಾಗ ಆಂಟಿ ಯಾವುದೂ ಇಲ್ಲ ಎಂದರು. ಹಾಗಿದ್ದರೆ ಇದು ನಿಮ್ಮದು ಎಂದು, ಆ ಒಂದು ಪ್ರಶ್ನೆ ಮಾತ್ರ ಇರುವ ಮತಪತ್ರಕ್ಕೆ ಗುರುತು ಹಾಕಿಕೊಟ್ಟರು. ಆಂಟಿ ಕನ್ನಡಕ ಏರಿಸಿ, ತುಟಿ ಅಲುಗಿಸುತ್ತಾ ಇಡೀ ಪ್ರಶ್ನೆಯನ್ನು ಓದಿದರು. ಹಿಂದೆ ಸಾಲು ಬೆಳೆಯುತ್ತಿದ್ದರೂ ಆತುರಪಡಲಿಲ್ಲ.

ಅಂದು ರಾತ್ರಿಯೇ ಫಲಿತಾಂಶ ಖಚಿತವಾಯಿತು. 9 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ್ದರು, 59 ಪ್ರತಿಶತ ‘ಇಲ್ಲ’. 1964ರ ನಂತರ ಒಬ್ಬ ಡೆಮಾಕ್ರಟ್ ಅಧ್ಯಕ್ಷೀಯ ಅಭ್ಯರ್ಥಿಯನ್ನೂ ಗೆಲ್ಲಿಸದ ರಾಜ್ಯವಿದು. ಟ್ರಂಪ್ ಗೆದ್ದಿದ್ದ ಕೌಂಟಿಗಳಲ್ಲೂ ಹಲವು ‘ಇಲ್ಲ’ ಎಂದಿದ್ದವು. ಟಿವಿಯಲ್ಲಿ ತಜ್ಞರು ಬೆರಗಾಗಿ ಮಾತಾಡುತ್ತಿದ್ದರು. ಟೊಮೆಟೊ ಗಿಡಗಳ ಆ ಮುದುಕರನ್ನು ನೋಡಿ ಬಂದಿದ್ದ ನನಗೆ ಅಷ್ಟು ಬೆರಗಾಗಲಿಲ್ಲ. ಮನೆಮನೆಯಲ್ಲೂ ಯಾರಿಗೂ ಹೇಳದ ಒಂದು ಗರ್ಭದ ಕಥೆ ಇತ್ತು. ಆ ಕಥೆಗಳೇ ಅಂದು ಮತ ಹಾಕಿದ್ದವು. ಅವ್ವನಿಗೆ ಫೋನು ಮಾಡಿ ಗೆದ್ದೆವು ಎಂದೆ. ಉಂಡಿ ತಿಂದು ಮಲಗು ಎಂದಳು.

ಆ ರಾತ್ರಿ ಏನು ನಡೆಯುತ್ತಿತ್ತು ಎಂಬುದು ನನಗೆ ತಿಳಿದದ್ದು ತಿಂಗಳುಗಳ ನಂತರ, ಪತ್ರಿಕೆಯಲ್ಲಿ. ಮಿಸೌರಿಯ ಜಾಪ್ಲಿನ್‌ನ ಮಹಿಳೆಯೊಬ್ಬಳಿಗೆ ಅದೇ ಆಗಸ್ಟ್ 2ರಂದು, ಸುಮಾರು 18ನೆಯ ವಾರದಲ್ಲಿ, ನೀರು ಒಡೆದಿತ್ತು. ಮಗು ಉಳಿಯುವುದಿಲ್ಲವೆಂದು ಡಾಕ್ಟರುಗಳಿಗೆ ಗೊತ್ತಿತ್ತು, ಎದೆ ಬಡಿತ ಇದ್ದುದರಿಂದ ಮಿಸೌರಿಯ ಆಸ್ಪತ್ರೆ ಏನೂ ಮಾಡಲಿಲ್ಲ. ಗಂಟೆಗಟ್ಟಲೆ ಪ್ರಯಾಣ ಮಾಡಿ ಅವಳು ಆ ರಾತ್ರಿಯೇ ಕ್ಯಾನ್ಸಸ್‌ನ ಆಸ್ಪತ್ರೆಗೆ ಬಂದಳು. ಇಲ್ಲಿ ಕಾನೂನು ತಡೆಯುತ್ತಿರಲಿಲ್ಲ. ಆದರೂ, ರಾಜಕೀಯ ವಾತಾವರಣ ಇಷ್ಟು ಕಾವೇರಿರುವಾಗ ಅಪಾಯ ಎಂದು ಅವಳನ್ನು ವಾಪಸು ಕಳುಹಿಸಿದರು. ಕೊನೆಗೆ ಚಿಕಿತ್ಸೆ ಸಿಕ್ಕಿದ್ದು ಇಲಿನಾಯ್ ರಾಜ್ಯದಲ್ಲಿ. ಎರಡೂ ಆಸ್ಪತ್ರೆಗಳು ತುರ್ತು ಚಿಕಿತ್ಸೆಯ ಕಾನೂನನ್ನು ಮುರಿದಿವೆ ಎಂದು ಕೇಂದ್ರ ಸರ್ಕಾರದ ತನಿಖೆ 2023ರಲ್ಲಿ ಹೇಳಿತು.

ನಾನು ‘ಗೆದ್ದೆವು’ ಎಂದು ಮಲಗಿದ ರಾತ್ರಿ ಅದು. ನನಗೆ ಸಿಕ್ಕಿದ್ದ ಡಾಕ್ಟರಂಥವರು ಅವಳಿಗೆ ಎರಡು ರಾಜ್ಯಗಳಲ್ಲೂ ಸಿಗಲಿಲ್ಲ. ಸುದ್ದಿ ಓದಿದ ಬೆಳಿಗ್ಗೆ ಅದನ್ನು ಪಕ್ಕದ ಮೇಜಿನವಳ ಮುಂದಿಟ್ಟೆ. ಅವಳಿಗೆ ಅಷ್ಟರಲ್ಲಿ ಸುಖವಾಗಿ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತ್ತು. ಓದಿ, ಕೈಚೀಲದ ಮುಂದಿನ ಜೇಬಿನಿಂದ ಆ ಹಳೆಯ ಚೀಟಿ ತೆಗೆದು ಹರಿದು ಹಾಕಿದಳು.

2024ರ ನವೆಂಬರ್‌ನಲ್ಲಿ ಮಿಸೌರಿಯ ಮತದಾರರೂ 52 ಪ್ರತಿಶತಕ್ಕೆ ತುಸು ಕಡಿಮೆ ಮತಗಳಿಂದ ತಮ್ಮ ರಾಜ್ಯದ ನಿಷೇಧವನ್ನು ತೆಗೆದುಹಾಕಲು ಒಪ್ಪಿದರು. ವರ್ಷ ತುಂಬುವ ಮೊದಲೇ ಅಲ್ಲಿನ ಶಾಸಕರು ಅದನ್ನು ರದ್ದು ಮಾಡುವ ಇನ್ನೊಂದು ಪ್ರಶ್ನೆಯನ್ನು 2026ರ ಮತದಾನಕ್ಕೆ ಇಟ್ಟರು. ಮಗಳ ಫೋಟೊ ಅಂಟಿಸಿದ ಮೇಜಿನ ಮುಂದೆ ಕುಳಿತು ನನ್ನ ಗೆಳತಿ, ತಾನೂ ಈ ಬಾರಿ ಬಾಗಿಲು ತಟ್ಟಲು ಹೋಗುವೆ, ಮೊದಲು ಏನು ಮಾತಾಡಬೇಕು ಎಂದು ಕೇಳಿದಳು. ಆಗಸ್ಟ್ 2ರ ರಾತ್ರಿ ಜಾಪ್ಲಿನ್‌ನಿಂದ ಹೊರಟ ಆ ಹೆಂಗಸಿಗೆ ಆದದ್ದನ್ನು ಆದ ಹಾಗೆಯೇ ಹೇಳು, ಆಮೇಲೆ ಸುಮ್ಮನಿದ್ದು ಅವರು ಹೇಳುವುದನ್ನು ಕೇಳಿಸಿಕೋ ಎಂದೆ.